ಭಾನುವಾರದ ಮೇಜರ್ ಸಾಹೇಬರು

ಕಳೆದ ತಿಂಗಳು ಮೊಣಕಾಲಿನ ಡಾಕ್ಟರೊಬ್ಬರನ್ನು ಹುಡುಕಿಕೊಂಡು ಮರ್ಫಿ ಟೌನಿಗೆ ಹೋಗಿದ್ದೆ. ಹಲಸೂರಿನಲ್ಲಿ ಮೆಟ್ರೊ ಇಳಿದು ನಡೆದರೆ ಹತ್ತಿರ ಎಂದು ಮಗಳು ಹೇಳಿದ್ದಳು. ಮೊಣಕಾಲು ನೋಯುವವನಿಗೆ ಹತ್ತಿರ ಎನ್ನುವುದು ಯಾವುದೂ ಇಲ್ಲ ಎಂಬುದು ಅವಳಿಗೆ ತಿಳಿಯಲು ಇನ್ನೂ ಕಾಲವಿದೆ. ಒಂದು ಸಂದಿಯ ತಿರುವಿನಲ್ಲಿ ಸುಧಾರಿಸಿಕೊಳ್ಳಲು ನಿಂತೆ. ಆಗ ಆ ವಾಸನೆ ಬಂತು. ಗಂಜಿ ಹಾಕಿ ಒಣಗಿಸಿದ ದಪ್ಪ ಬಟ್ಟೆಗೆ ನೀರು ಚಿಮುಕಿಸಿ, ಅದರ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುವ ಹಬೆಯ ವಾಸನೆ. ತಳ್ಳುಗಾಡಿಯ ಹಿಂದೆ ನಿಂತ ಹೆಂಗಸೊಬ್ಬಳು ಯಾವುದೋ ಹೋಟೆಲಿನ ಬಿಳಿ ಕೋಟುಗಳನ್ನು ಇಸ್ತ್ರಿ ಮಾಡುತ್ತಿದ್ದಳು.

ನನ್ನ ಕಣ್ಣಿಗೆ ಆ ಕೋಟುಗಳು ಕಾಣಲೇ ಇಲ್ಲ. ಅದೇ ಬೀದಿಯಲ್ಲಿ ಶನಿವಾರ ಸಂಜೆ ಗಾಡಿ ನಿಲ್ಲಿಸುತ್ತಿದ್ದ ಸೆಲ್ವಿ ಅಕ್ಕ ಕಂಡಳು. ಅವಳ ಗಾಡಿಯ ಮೇಲೆ ಮಡಿಚಿಟ್ಟ ಹಸಿರು ಯೂನಿಫಾರ್ಮುಗಳು ಕಂಡವು. "ಏನ್ ರುದ್ರಪ್ಪಣ್ಣ, ನಾಳೆ ಯುದ್ಧ ಇಲ್ಲ ಅಲ್ವಾ, ಎರಡು ಮಡಿಕೆ ಕಮ್ಮಿ ಹಾಕ್ತೀನಿ ಬಿಡಿ" ಎಂದು ಅವಳು ವಾರವಾರವೂ ಕಾಡುತ್ತಿದ್ದಳು. ಮಡಿಕೆ ಮಾತ್ರ ಕತ್ತಿಯ ಅಂಚಿನ ಹಾಗೆ ಇರುತ್ತಿತ್ತು. ಇಲ್ಲದಿದ್ದರೆ ಮೇಜರ್ ಸಾಹೇಬರು ಮಾತಾಡುತ್ತಿರಲಿಲ್ಲ, ನೋಡುತ್ತಿದ್ದರು. ಆ ನೋಟಕ್ಕಿಂತ ಬೈಗುಳ ವಾಸಿ.

ನಾವು ಭಾನುವಾರದ ಸಿಪಾಯಿಗಳು. ಟೆರಿಟೋರಿಯಲ್ ಆರ್ಮಿ ಎಂದರೆ ಈಗಲೂ ಬಹಳ ಜನಕ್ಕೆ ಗೊತ್ತಿಲ್ಲ. ಹೋಂ ಗಾರ್ಡಾ ಎಂದು ಕೇಳುತ್ತಾರೆ, ನಾನು ಜಗಳಕ್ಕೆ ಹೋಗುತ್ತೇನೆ. ವಾರವೆಲ್ಲ ಅವರವರ ಹೊಟ್ಟೆಪಾಡಿನ ಕೆಲಸ. ಭಾನುವಾರ ಮತ್ತು ರಜೆಯ ದಿನ ಹಲಸೂರು ಕೆರೆಯ ಆಚೆಯ ಮೈದಾನದಲ್ಲಿ ಪರೇಡು. ವರ್ಷಕ್ಕೊಮ್ಮೆ ಊರ ಹೊರಗೆ ಕ್ಯಾಂಪು. ದೇಶ ಕರೆದಾಗ ಗಡಿ. ಬೆಳಗಿನ ಜಾವ ಸ್ಕೂಟರು, ಸೈಕಲ್ಲು, ಸಿಟಿ ಬಸ್ಸುಗಳಲ್ಲಿ ಒಬ್ಬೊಬ್ಬರೇ ಬಂದು ಇಳಿಯುತ್ತಿದ್ದೆವು: ಬ್ಯಾಂಕಿನ ಗುಮಾಸ್ತ, ಆಟೋ ಓಡಿಸುವವನು, ಹೈಸ್ಕೂಲ್ ಮೇಷ್ಟ್ರು, ಶಿವಾಜಿನಗರದ ದರ್ಜಿ ಶಫಿ. ತಗಡಿನ ಶೆಡ್ಡಿನೊಳಗೆ ಹೋಗಿ ಬಟ್ಟೆ ಬದಲಿಸಿ ಹೊರಗೆ ಬರುವಷ್ಟರಲ್ಲಿ ನಾವು ಬೇರೆಯೇ ಜನ. ನಾನು ಅಲ್ಲಿ ಹವಾಲ್ದಾರ. ಸೋಮವಾರದಿಂದ ಶನಿವಾರದವರೆಗೆ ಕೆ.ಆರ್. ಪುರಂ ಆಚೆಯ ಒಂದು ಕಾರ್ಖಾನೆಯಲ್ಲಿ ಲೇತ್ ತಿರುಗಿಸುತ್ತಿದ್ದೆ. ಅದೇ ಕಾರ್ಖಾನೆಯ ಕಾರ್ಮಿಕ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದೆ. ಮೈಕಿಲ್ಲದೆ ಭಾಷಣ ಮಾಡುವವನು ಎಂದು ನನಗೆ ಹೆಸರಿತ್ತು.

ಸಂಗತಿ ಇಷ್ಟೇ ಆಗಿದ್ದರೆ ಹೇಳುವುದಕ್ಕೆ ಏನೂ ಇರಲಿಲ್ಲ. ಮೈದಾನದಲ್ಲಿ ನನ್ನ ಮೇಲಧಿಕಾರಿಯಾದ ಮೇಜರ್ ಪಾಲಾಕ್ಷಯ್ಯನವರು ಅದೇ ಕಾರ್ಖಾನೆಯ ಪರ್ಸೊನೆಲ್ ಮ್ಯಾನೇಜರ್ ಆಗಿದ್ದರು. ಅಂದರೆ ಸಂಘದ ಜೊತೆ ಮಾತುಕತೆಗೆ ಆಡಳಿತದ ಕಡೆಯಿಂದ ಕೂರುವವರು. ವಾರದ ಆರು ದಿನ ನಾನು ಅವರ ಎದುರು ಮೇಜು ಗುದ್ದಬೇಕು, ಏಳನೆಯ ದಿನ ಅವರ ಎದುರು ಹಿಮ್ಮಡಿ ಜೋಡಿಸಬೇಕು. ನನ್ನ ಹೆಂಡತಿ ಗಿರಿಜ ಇದನ್ನು ಕೇಳಿ, "ಅವರಿಗೂ ಬೇರೆ ಗತಿ ಇಲ್ಲ, ನಿಮಗೂ ಬೇರೆ ಗತಿ ಇಲ್ಲ, ಒಳ್ಳೆ ಸಂಸಾರ" ಎಂದಿದ್ದಳು.

ಪಾಲಾಕ್ಷಯ್ಯನವರು ತಿಪಟೂರು ಕಡೆಯವರು. ತೆಳ್ಳಗೆ, ಸ್ವಲ್ಪ ಕುಳ್ಳಗೆ. ದನಿ ಏರಿಸಿದವರೇ ಅಲ್ಲ, ಆದರೂ ಮೈದಾನದ ಆ ತುದಿಗೆ ಕೇಳುತ್ತಿತ್ತು. ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಭಾಷಣಕಾರನಾದ ನನಗೆ ಅದರ ಮೇಲೆ ಹೊಟ್ಟೆಕಿಚ್ಚಿತ್ತು. ಕಾರ್ಖಾನೆಗೆ ಗುಮಾಸ್ತರಾಗಿ ಸೇರಿದ್ದರು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿ ಲೆಫ್ಟಿನೆಂಟ್ ಆದಾಗ ಅವರ ತಾಯಿ, ಮಗನಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ತಾಯಿತ ಕಟ್ಟಿಸಿಕೊಂಡು ಬಂದಿದ್ದರಂತೆ. ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಮನುಷ್ಯ ಒಂದು ಭಾನುವಾರವೂ ಮನೆಯಲ್ಲಿ ಕೂತು ದೋಸೆ ತಿಂದವರಲ್ಲ. ಮಧ್ಯೆ ಯೂನಿಟ್ಟನ್ನು ಈಶಾನ್ಯದ ಗಡಿಗೆ ಕಳಿಸಿದಾಗ ಎರಡು ವರ್ಷ ಹೋದರು. ಮಲೇರಿಯಾ ಹೊತ್ತುಕೊಂಡು ವಾಪಸು ಬಂದು ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಅವರ ಕೈಕೆಳಗಿದ್ದವರು ಅವರಿಗೆ ಮೇಲಾಗಿದ್ದರು. ಅದರ ಬಗ್ಗೆ ಅವರು ಒಂದು ಮಾತು ಆಡಿದ್ದನ್ನು ಯಾರೂ ಕೇಳಿಲ್ಲ.

ಮೈದಾನದಲ್ಲಿ ಕ್ಯಾಪ್ಟನ್ ಆದರು, ಮೇಜರ್ ಆದರು, ಯೂನಿಟ್ಟಿನ ಎರಡನೆಯ ಸ್ಥಾನಕ್ಕೆ ಬಂದರು. ಮೊದಲನೆಯ ಸ್ಥಾನ, ಅಂದರೆ ಕಮಾಂಡಿಂಗ್ ಆಫೀಸರ್ ಕುರ್ಚಿ, ನಮ್ಮಲ್ಲಿ ಯಾವಾಗಲೂ ಪೂರ್ಣಾವಧಿ ಸೈನ್ಯದಿಂದ ಬಂದವರದು. ಅವರು ಬರುತ್ತಿದ್ದರು, ಎರಡು ಮೂರು ವರ್ಷ ಇರುತ್ತಿದ್ದರು, ಹೋಗುತ್ತಿದ್ದರು. ಬಂದವರೆಲ್ಲ ಮರ್ಯಾದಸ್ಥರೇ. ಆದರೂ ಭಾನುವಾರದವರು ಎಂದರೆ ಅವರ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಇರುತ್ತಿತ್ತು. ಇವರ ಮನಸ್ಸು ಯಾವಾಗಲೂ ಇನ್ನೊಂದು ಕೆಲಸದ ಕಡೆಗೆ, ಹೊತ್ತು ಬಂದಾಗ ಅತ್ತಲೇ ಓಡುತ್ತಾರೆ ಎಂಬ ನಗು. ಪಾಲಾಕ್ಷಯ್ಯನವರ ಇಡೀ ಬದುಕು ಆ ನಗುವಿಗೆ ಕೊಟ್ಟ ಉತ್ತರವಾಗಿತ್ತು.

ಅದಕ್ಕೇ ಅವರಿಗೆ ಒಂದು ಕಟ್ಟಳೆ ಇತ್ತು. ಮೈದಾನದ ಗೇಟಿನೊಳಗೆ ಕಾರ್ಖಾನೆಯ ಮಾತಿಲ್ಲ, ಕಾರ್ಖಾನೆಯ ಗೇಟಿನೊಳಗೆ ಮೈದಾನದ ಮಾತಿಲ್ಲ. ಅಲ್ಲಿ ನಾನು "ಹವಾಲ್ದಾರ್", ಇಲ್ಲಿ ನಾನು "ಸೆಕ್ರೆಟರಿಯವರೇ". ಬೋನಸ್ಸಿನ ವಿಷಯಕ್ಕೆ ಶನಿವಾರ ಇಬ್ಬರೂ ಗಂಟಲು ಹರಿದುಕೊಂಡಿದ್ದರೂ ಭಾನುವಾರ ಅವರು ನನ್ನ ಬೆಲ್ಟಿನ ಹಿತ್ತಾಳೆಯನ್ನು ಬಿಟ್ಟರೆ ಬೇರೇನನ್ನೂ ನೋಡುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸೆಲ್ಯೂಟ್ ಹೊಡೆಯುವ ಹಾಗಿಲ್ಲ. ನಮ್ಮ ಯೂನಿಟ್ಟಿನ ಇನ್ನೂ ನಾಲ್ಕಾರು ಜನ ಅಲ್ಲಿ ಕೆಲಸಕ್ಕಿದ್ದರು, ಎಲ್ಲರಿಗೂ ಇದು ಗೊತ್ತಿತ್ತು.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದ ಕಥೆ. ಆ ವರ್ಷ ಕಮಾಂಡಿಂಗ್ ಆಫೀಸರು ವರ್ಗವಾಗಿ ಹೋಗುವವರಿದ್ದರು. ಅವರ ಜಾಗಕ್ಕೆ ಈ ಸಲ ಪಾಲಾಕ್ಷಯ್ಯನವರೇ ಬರುತ್ತಾರೆ, ಮೊದಲ ಬಾರಿಗೆ ಒಬ್ಬ ಭಾನುವಾರದವನು ಬೆಟಾಲಿಯನ್ ನಡೆಸುತ್ತಾನೆ ಎಂದು ಸುದ್ದಿ ಹಬ್ಬಿತು. ದಸರೆಯ ಹೊತ್ತಿಗೆ ಹೊಸಕೋಟೆ ದಾಟಿ ಒಂದು ನೀಲಗಿರಿ ತೋಪಿನಲ್ಲಿ ವಾರ್ಷಿಕ ಕ್ಯಾಂಪು. ಅದನ್ನು ಪೂರ್ತಿ ಅವರೇ ನಡೆಸಬೇಕು, ಕೊನೆಯ ದಿನ ಬ್ರಿಗೇಡಿಯರ್ ಬಂದು ನೋಡುತ್ತಾರೆ, ಅಲ್ಲಿಗೆ ತೀರ್ಮಾನ. ಕ್ಯಾಂಪಿನ ಕೊನೆಯ ದಿನ ಮಹಾನವಮಿ, ಶಸ್ತ್ರಪೂಜೆ. ಶಫಿ ಆಗಲೇ ಸಾಹೇಬರ ಹೊಸ ಯೂನಿಫಾರ್ಮಿಗೆ ಬಟ್ಟೆ ಕತ್ತರಿಸಿದ್ದ. "ಭುಜಕ್ಕೆ ಜಾಸ್ತಿ ಜಾಗ ಬಿಟ್ಟಿದೀನಿ ಭಾಯ್, ಹೊಸ ರ‍್ಯಾಂಕ್ ಕೂರ್ಬೇಕಲ್ಲ" ಎಂದು ನನಗೆ ತೋರಿಸಿದ. ನಾವೆಲ್ಲ ಒಳಗೊಳಗೆ ಉಬ್ಬಿದ್ದೆವು. ಅವರಿಗೆ ಸಿಕ್ಕಿದರೆ ನಮಗೆಲ್ಲ ಸಿಕ್ಕಂತೆ.

ಕಾರ್ಖಾನೆಯಲ್ಲಿ ಅದೇ ಹೊತ್ತಿಗೆ ಬೆಂಕಿ ಬಿತ್ತು. ಹಳೆಯ ಮೆಷಿನ್ ಶಾಪನ್ನು ಮುಚ್ಚಿ, ಅಲ್ಲಿನವರನ್ನು ದೂರದ ಬೇರೆ ಘಟಕಕ್ಕೆ ಕಳಿಸುತ್ತೇವೆ ಎಂದು ಆಡಳಿತ ಹೇಳಿತು. ಅರ್ಧಕ್ಕರ್ಧ ಜನ ಕೆ.ಆರ್. ಪುರಂ, ಮಾರತ್ತಹಳ್ಳಿ ಸುತ್ತ ಸೈಟು ಕೊಂಡು ಸಾಲದಲ್ಲಿ ಮನೆ ಕಟ್ಟಿಕೊಂಡವರು. ಹೋಗೆಂದರೆ ಎಲ್ಲಿಗೆ ಹೋಗುವುದು? ಮುಷ್ಕರ ಹೂಡಿದೆವು. ಗೇಟಿನ ಎದುರು ಶಾಮಿಯಾನ ಹಾಕಿ ಕೂತೆವು. ಶಾಮಿಯಾನ ಸೋರುತ್ತಿತ್ತು, ಮಳೆ ನಿಲ್ಲುತ್ತಿರಲಿಲ್ಲ, ನನ್ನ ಗಂಟಲೂ ನಿಲ್ಲುತ್ತಿರಲಿಲ್ಲ.

ಎರಡನೆಯ ವಾರದಲ್ಲಿ ಆ ಎಡವಟ್ಟಾಯಿತು. ನಾನು ಒಂದು ಡ್ರಮ್ಮಿನ ಮೇಲೆ ನಿಂತು ಘೋಷಣೆ ಕೂಗಿಸುತ್ತಿದ್ದೆ. ಎದುರಿಗೆ ನಾನೂರು ಜನ. ಮೈಯೆಲ್ಲ ಬಿಸಿಯಾಗಿ, ಇನ್ನೇನು ಆಡಳಿತ ಮಂಡಳಿಯನ್ನು ನೀರಿಗೆ ಹಾಕುವವನಿದ್ದೆ. ಅಷ್ಟರಲ್ಲಿ ಜನ ದಾರಿ ಬಿಟ್ಟರು. ಪಾಲಾಕ್ಷಯ್ಯನವರು ಬಿಳಿ ಅರ್ಧ ತೋಳಿನ ಅಂಗಿ, ಕೈಯಲ್ಲಿ ಕೊಡೆ, ಗೇಟಿನ ಕಡೆಗೆ ನಡೆದುಕೊಂಡು ಬಂದರು. ನನ್ನ ಎದುರಿಗೆ ಬಂದಾಗ ಕತ್ತೆತ್ತಿ ನೋಡಿದರು. ನನಗೆ ಏನಾಯಿತೋ ದೇವರೇ ಬಲ್ಲ. ಹಿಮ್ಮಡಿಗಳು ತಾವಾಗಿ ಕೂಡಿದವು, ಡ್ರಮ್ಮು ಢಣ್ ಎಂದಿತು, ಬಲಗೈ ಹುಬ್ಬಿಗೆ ಹೋಯಿತು. ಘೋಷಣೆ ಅರ್ಧಕ್ಕೆ ನಿಂತಿತು. ಮುಷ್ಕರದ ನಾಯಕ ಆಡಳಿತದ ಮ್ಯಾನೇಜರಿಗೆ ಸೆಲ್ಯೂಟ್ ಹೊಡೆದು ನಿಂತಿದ್ದಾನೆ, ನಾನೂರು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ.

ಅವರು ಸೆಲ್ಯೂಟಿಗೆ ಸೆಲ್ಯೂಟ್ ಕೊಡಲಿಲ್ಲ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸಿ, "ನಮಸ್ಕಾರ ಸೆಕ್ರೆಟರಿಯವರೇ" ಎಂದು, ಸುತ್ತಲಿದ್ದವರಿಗೂ ನಮಸ್ಕಾರ ಮಾಡಿ ಒಳಗೆ ಹೋದರು. ನನ್ನ ಮಾನ ಉಳಿಸಲು ಅವರು ಮಾಡಬಹುದಾಗಿದ್ದು ಅಷ್ಟೇ. ಉಳಿಯಲಿಲ್ಲ. ಅವತ್ತು ಸಂಜೆಗೇ ಗುಸುಗುಸು ಶುರುವಾಯಿತು. ಮಿಲ್ಲಿಂಗ್ ಮೆಷಿನ್ನಿನ ನಾಗೇಶ, ಕೆ.ಆರ್. ಪುರಂ ಸಂತೆಯ ಹತ್ತಿರದವನು, ಬಿಸಿರಕ್ತದ ಆಳು, ಎಲ್ಲರ ಎದುರಿಗೇ ಕೇಳಿದ.

"ಅಣ್ಣ, ಕೋಪ ಮಾಡ್ಕೋಬೇಡಿ. ನೀವು ನಮ್ಮ ಕಡೆನಾ, ಅವರ ಕಡೆನಾ?"

"ಅಭ್ಯಾಸಬಲ ಕಣೋ. ಹದಿನಾಲ್ಕು ವರ್ಷದಿಂದ ಕೈ ಕಲಿತಿರೋದು."

"ಕೈ ಕಲ್ತಿರೋದು ಸರಿ. ನಾಳೆ ಮಾತುಕತೇಲಿ ಬಾಯಿನೂ ಕಲ್ತಿದ್ರೆ ನಮ್ಮ ಗತಿ ಏನು?"

ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಆ ಜಾಗದಲ್ಲಿದ್ದರೆ ಇನ್ನೂ ಜೋರಾಗಿ ಕೇಳುತ್ತಿದ್ದೆ. ಮನೆಗೆ ಬಂದು ಹೇಳಿದರೆ ಗಿರಿಜ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆಮೇಲೆ ನನ್ನ ಮುಖ ನೋಡಿ ಊಟಕ್ಕೆ ತಟ್ಟೆ ಇಟ್ಟಳು.

ಭಾನುವಾರ ಮೈದಾನಕ್ಕೆ ಹೋದೆ. ಪರೇಡು ಮುಗಿದ ಮೇಲೆ ಸಾಹೇಬರು ಕರೆದರು. ವಿವರಣೆ ಕೇಳುತ್ತಾರೋ, ಬೈಯುತ್ತಾರೋ, ಎರಡಕ್ಕೂ ತಯಾರಾಗಿ ಹೋದೆ.

"ತಲೆ ಮೇಲೆ ಟೋಪಿ ಇಲ್ದೆ ಸೆಲ್ಯೂಟ್ ಹೊಡೀಬಾರ್ದು ಅಂತ ನಿಮ್ಗೆ ಯಾರೂ ಹೇಳ್ಕೊಟ್ಟಿಲ್ವಾ ಹವಾಲ್ದಾರ್?"

"ಹೇಳ್ಕೊಟ್ಟಿದೀರಿ ಸಾಬ್."

"ಸರಿ. ಇನ್ನೊಂದು ವಿಷಯ. ಈ ವರ್ಷ ನೀವು ಕ್ಯಾಂಪಿಗೆ ಬರೋದು ಬೇಡ. ನಿಮಗೆ ವಿನಾಯಿತಿ ಕೊಟ್ಟಿದೀನಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವರು ಕಮಾಂಡ್ ತೆಗೆದುಕೊಳ್ಳುವ ಕ್ಯಾಂಪು. ನನ್ನ ಪ್ಲಟೂನಿಗೆ ವರ್ಷವಿಡೀ ನಾನೇ ಮೆಷಿನ್‌ಗನ್ ಕಲಿಸಿದ್ದೆ. "ಯಾಕೆ ಸಾಬ್?" ಎಂದೆ. "ಆದೇಶ" ಎಂದರು, ಅಷ್ಟೇ. ಕಾರ್ಖಾನೆಯವರು ನಂಬುತ್ತಿಲ್ಲ, ಈಗ ಮೈದಾನದವರೂ ಹೊರಗೆ ಹಾಕಿದರು ಎಂದು ಹಲಸೂರು ಕೆರೆಯ ಏರಿಯ ಮೇಲೆ ನಾನು ಸೈಕಲ್ ತಳ್ಳಿಕೊಂಡು ನಡೆದೆ. ಹತ್ತಲು ಮನಸ್ಸಾಗಲಿಲ್ಲ.

ನಿಜ ತಿಳಿದದ್ದು ಕಾರ್ಖಾನೆಯಲ್ಲಿ ಅವರ ಸ್ಟೆನೊ ಆಗಿದ್ದ ಜಾನಕಮ್ಮನವರಿಂದ. ಆಕೆ ಇಂದಿರಾನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕಿದರು, ನನ್ನ ಮುಖ ನೋಡಿ ತಡೆಯಲಾರದೆ ಹೇಳಿದರು. ಸೆಲ್ಯೂಟಿನ ಸುದ್ದಿ ಜನರಲ್ ಮ್ಯಾನೇಜರಿಗೆ ಮುಟ್ಟಿತ್ತು. ಅವರು ಪಾಲಾಕ್ಷಯ್ಯನವರನ್ನು ಕರೆಸಿ, "ಹೇಗೂ ಅವನು ನಿಮ್ಮ ಸಿಪಾಯಿ. ಕ್ಯಾಂಪಿಗೆ ಆರ್ಡರ್ ಮಾಡಿ ಕರ್ಕೊಂಡು ಹೋಗಿ. ಅವನಿಲ್ಲದಿದ್ರೆ ನಾಲ್ಕು ದಿನದಲ್ಲಿ ಮುಷ್ಕರ ಮುರಿಯುತ್ತೆ" ಎಂದಿದ್ದರು. ಕ್ಯಾಂಪಿನ ಕರೆಯನ್ನು ಮೀರುವ ಹಾಗಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

"ಸಾಹೇಬ್ರು ಏನಂದ್ರು?" ಎಂದು ಕೇಳಿದೆ.

"'ಆ ಯೂನಿಫಾರ್ಮು ಕಂಪನೀದಲ್ಲ ಸರ್' ಅಂದ್ರು. ಆಮೇಲೆ ಬಂದು ನನ್ನ ಹತ್ರ ಒಂದು ಲೋಟ ನೀರು ಕೇಳಿದ್ರು. ರೀ, ನಾನು ಹೇಳ್ದೆ ಅಂತ ಹೇಳ್ಬೇಡಿ."

ಆ ಕ್ಷಣ ನನಗೆ ಆ ಮನುಷ್ಯನ ಮೇಲೆ ಉಕ್ಕಿದ ಪ್ರೀತಿ ನಮ್ಮಪ್ಪನ ಮೇಲೂ ಉಕ್ಕಿರಲಿಲ್ಲ. ಜೊತೆಗೆ ಸಿಟ್ಟೂ ಬಂತು. ಒಂದು ಮಾತು ಹೇಳಬಾರದಿತ್ತೇ? ಹೇಳುವುದಕ್ಕೆ ಅವರ ಕಟ್ಟಳೆ ಬಿಡಬೇಕಲ್ಲ.

ಅವರು ಕ್ಯಾಂಪಿಗೆ ಹೋದರು. ಸೇನೆಯ ಕರೆ ಬಂದರೆ ಕಂಪನಿ ಬಿಡಲೇಬೇಕು, ಅದು ಕಾನೂನು. ಹೋಗುವಾಗ ಜನರಲ್ ಮ್ಯಾನೇಜರ್ ಮುಖ ಎತ್ತಲಿಲ್ಲವಂತೆ. ಇತ್ತ ಮುಷ್ಕರ ಎಳೆದೂ ಎಳೆದೂ ದಸರೆ ಹತ್ತಿರ ಬಂತು. ಮಳೆ ಬಿಟ್ಟು, ಬೆಳಗಿನ ಹೊತ್ತು ಒಂದು ತೆಳು ಚಳಿ ಸುರುವಾಗಿತ್ತು. ಶಾಮಿಯಾನದಲ್ಲಿ ಹೊಸ ಮಾತೊಂದು ಎದ್ದಿತು. ಆಯುಧ ಪೂಜೆಗೆ ಏನು ಮಾಡುವುದು?

ಹೊರಗಿನವರಿಗೆ ಇದು ಸಣ್ಣ ವಿಷಯ. ಯಂತ್ರದ ಮುಂದೆ ದಿನಾ ಎಂಟು ಗಂಟೆ ನಿಲ್ಲುವವನಿಗೆ ಅಲ್ಲ. ನನ್ನ ಲೇತಿಗೆ ನಾನು ಮದುವೆಗೆ ಮುಂಚಿನಿಂದ ಪೂಜೆ ಮಾಡುತ್ತಿದ್ದೆ. ಬೆರಳು ಹೋಗಬಹುದಾದ ಕಡೆ ಹೋಗದ ಹಾಗೆ ನೋಡಿಕೊಂಡಿದೆ, ಅದಕ್ಕೊಂದು ಹೂವು ಬೇಡವೇ? ಜಗಳ ಕಂಪನಿಯ ಜೊತೆ, ಮೆಷಿನ್ನಿನ ಜೊತೆ ಅಲ್ಲ ಎಂದು ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡರು. ಹಬ್ಬದ ಹಿಂದಿನ ದಿನ ನಾನು ಒಳಗೆ ಹೋಗಿ ಜನರಲ್ ಮ್ಯಾನೇಜರನ್ನು ಕೇಳಿದೆ. ಒಳಗೆ ಬಿಡಿ, ಪೂಜೆ ಮಾಡಿ, ಕುಂಬಳಕಾಯಿ ಒಡೆದು ಹೊರಗೆ ಬರುತ್ತೇವೆ, ನನ್ನ ಮಾತು ಎಂದೆ.

"ಒಳಗೆ ಬಂದ ಮೇಲೆ ಮೆಷಿನ್ ಹತ್ರ ಕೂತ್ಬಿಟ್ರೆ? ಪೊಲೀಸ್ ಕರೆಸಿ ಎಳೆಸ್ಬೇಕಾ? ನಿಮ್ಮ ಮಾತನ್ನ ನಿಮ್ಮೋರೇ ನಂಬ್ತಿಲ್ಲ, ನಾನು ಹೇಗೆ ನಂಬ್ಲಿ?" ಎಂದರು. ಆಮೇಲೆ ಪೆನ್ನು ತಿರುಗಿಸುತ್ತ, "ಪಾಲಾಕ್ಷಯ್ಯ ಬಂದು ನಿಮ್ಮ ಪರವಾಗಿ ಗೇಟಲ್ಲಿ ನಿಂತ್ರೆ ತೆಗೀತೀನಿ. ಬೇರೆ ಯಾರು ಹೇಳಿದ್ರೂ ಇಲ್ಲ" ಎಂದರು.

ಅವರು ಬರುವ ಹಾಗಿಲ್ಲ ಎಂಬುದು ಗೊತ್ತಿದ್ದೇ ಆಡಿದ ಮಾತದು. ಮರುದಿನವೇ ಬ್ರಿಗೇಡಿಯರ್ ಬರುವ ದಿನ. ನಾನು ಶಾಮಿಯಾನಕ್ಕೆ ಬಂದು, ಆಗಲಿಲ್ಲ, ನಾಳೆ ಹೊರಗಿನಿಂದಲೇ ಗೇಟಿಗೆ ಕೈಮುಗಿಯೋಣ ಎಂದೆ. "ಬರ್ತಾರಾ ಕೇಳಾದ್ರೂ ಕೇಳಿ" ಎಂದ ನಾಗೇಶ. "ಕೇಳಲ್ಲ" ಎಂದೆ. ಆ ಮನುಷ್ಯ ಇಪ್ಪತ್ತು ವರ್ಷದಿಂದ ಕಾದ ದಿನ ಅದು, ನಾನು ಹೇಗೆ ಕೇಳಲಿ? ಕೇಳಿದ್ದು ಜಾನಕಮ್ಮ. ಹಲಸೂರಿನ ಯೂನಿಟ್ ಆಫೀಸಿಗೆ ಫೋನ್ ಮಾಡಿ, ಅಲ್ಲಿಂದ ವೈರ್‌ಲೆಸ್ಸಿನಲ್ಲಿ ಕ್ಯಾಂಪಿಗೆ ಸುದ್ದಿ ಕಳಿಸಿದರು.

ಮಹಾನವಮಿಯ ಬೆಳಿಗ್ಗೆ ನಾವು ಹೂವು, ಬಾಳೆಕಂದು, ಬೂದುಗುಂಬಳಕಾಯಿ ಹಿಡಿದುಕೊಂಡು ಮುಚ್ಚಿದ ಗೇಟಿನ ಎದುರು ನಿಂತಿದ್ದೆವು. ಒಂದು ಆಟೋ ಬಂದು ನಿಂತಿತು. ಪಾಲಾಕ್ಷಯ್ಯನವರು ಇಳಿದರು. ಅದೇ ಬಿಳಿ ಅರ್ಧ ತೋಳಿನ ಅಂಗಿ, ಕಪ್ಪು ಪ್ಯಾಂಟು. ಕ್ಯಾಂಪಿನ ಜೀಪಿನಲ್ಲಿ ಬಂದಿರಲಿಲ್ಲ, ಕಾರ್ಖಾನೆಗೆ ಸೈನ್ಯದ ಜೀಪು ತರುವುದುಂಟೇ? ಯೂನಿಫಾರ್ಮು ಕಳಚಿಟ್ಟು, ಹೊಸಕೋಟೆಗೆ ನಡೆದು ಆಟೋ ಹಿಡಿದಿದ್ದರು. ಆದರೆ ಅವಸರದಲ್ಲಿ ಬೂಟು ಬದಲಿಸಲು ಮರೆತಿದ್ದರು. ಅಂಗಿ ಆಫೀಸಿನದು, ಕಾಲಲ್ಲಿ ಲಾಡಿ ಬಿಗಿದ ಕ್ಯಾಂಪಿನ ಬೂಟು, ಅದರ ತುಂಬ ಕೆಂಪು ಮಣ್ಣು. ಬೂಟಿಗೆ ಪಾಲಿಶ್ ಇಲ್ಲದೆ ಅವರನ್ನು ನಾನು ಕಂಡದ್ದು ಅದೊಂದೇ ಸಲ.

ಯಾರನ್ನೂ ಏನೂ ಕೇಳಲಿಲ್ಲ. ಗೇಟಿನ ಕಾವಲುಗಾರನ ಫೋನಿನಲ್ಲಿ ಜನರಲ್ ಮ್ಯಾನೇಜರಿಗೆ, "ಇವರು ಹೋಗ್ತಾರೆ, ಪೂಜೆ ಮಾಡ್ತಾರೆ, ಬರ್ತಾರೆ. ನಾನು ಇಲ್ಲಿರ್ತೀನಿ" ಎಂದರು. ಗೇಟು ತೆರೆಯಿತು. ನಾವು ಒಳಗೆ ಹೋದೆವು. ಅವರು ಗೇಟಿನಲ್ಲಿ, ರಸ್ತೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ನಿಂತರು.

ವಾರಗಟ್ಟಲೆ ಮುಚ್ಚಿದ್ದ ಶಾಪಿನಲ್ಲಿ ಎಣ್ಣೆ ಕಮಟು. ಲೇತಿನ ಮೇಲಿನ ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದೆವು. ಊದುಬತ್ತಿ ಹೊಗೆ ಮೇಲೆ ತಗಡಿಗೆ ತಾಗಿತು. ಕುಂಬಳಕಾಯಿ ಒಡೆದಾಯಿತು, ಕಡಲೆಪುರಿ ಹಂಚಿದ್ದಾಯಿತು. ಹೊರಡೋಣ ಎಂದೆ. ಎಲ್ಲರೂ ಎದ್ದರು, ನಾಗೇಶ ಏಳಲಿಲ್ಲ. ತನ್ನ ಮಿಲ್ಲಿಂಗ್ ಮೆಷಿನ್ನಿನ ಪಕ್ಕದ ಮರದ ಹಲಗೆಯ ಮೇಲೆ ಕೂತೇ ಇದ್ದ.

"ನಾನು ಏಳಲ್ಲ ಅಣ್ಣ. ಇವತ್ತು ಇಲ್ಲೇ ಕೂತ್ಬಿಟ್ರೆ ನಾಳೆ ಅವರೇ ಕಾಲಿಗೆ ಬೀಳ್ತಾರೆ. ಹೊರಗೆ ಹೋದ್ರೆ ಮುಗೀತು, ಮತ್ತೆ ಬಿಡಲ್ಲ."

ನಾಲ್ಕೈದು ಜನ ಮತ್ತೆ ಕೂತರು. ಅವನ ಲೆಕ್ಕ ಸರಿಯಾಗಿತ್ತು. ಹೋರಾಟದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ ಎಂದು ನನಗೂ ಅನ್ನಿಸಿತು, ನನ್ನ ಕಾಲೂ ಒಂದು ಗಳಿಗೆ ನಿಂತಿತು. ನಾನು ಭಾಷಣ ಮಾಡಲಿಲ್ಲ. ಕಿಟಕಿಯ ಹತ್ತಿರ ಕರೆದೆ.

"ಗೇಟ್ ಕಡೆ ನೋಡು. ತಿರುಗಿ ನೋಡಿದಾರಾ?"

"ಇಲ್ಲ."

"ಬಂದಾಗಿಂದ ಒಂದ್ಸಲನೂ ನೋಡಿಲ್ಲ. ನೋಡೋ ಅಗತ್ಯ ಇಲ್ಲ ಅಂತ ನಿಂತಿದಾರೆ. ಇವತ್ತು ಅವರ ಬೆಟಾಲಿಯನ್ ತೀರ್ಮಾನ ಆಗೋ ದಿನ. ಅದನ್ನ ಬಿಟ್ಟು ಬಂದಿದಾರೆ. ನೀನು ಇಲ್ಲಿ ಕೂತ್ರೆ ಅವರು ತಿರುಗ್ಬೇಕಾಗುತ್ತೆ ನಾಗೇಶ."

ಅವನು ಬಹಳ ಹೊತ್ತು ನೋಡಿದ. "ಬೂಟ್ ಕೂಡ ಬಿಚ್ಚಿಲ್ಲ" ಎಂದ. ಆಮೇಲೆ ಎದ್ದು, ಮೆಷಿನ್ನಿಗೆ ಇನ್ನೊಂದು ಸಲ ಕೈಮುಗಿದು ಹೊರಟ. ಅವನ ಹಿಂದೆ ಉಳಿದವರೂ. ಗೇಟಿನಲ್ಲಿ ನಾಗೇಶ ತನ್ನ ಪಾಲಿನ ಕಡಲೆಪುರಿ ಪೊಟ್ಟಣವನ್ನು ಅವರ ಕೈಗೆ ಕೊಟ್ಟ. ಪಾಲಾಕ್ಷಯ್ಯನವರು ಅದನ್ನು ಕಣ್ಣಿಗೊತ್ತಿಕೊಂಡು, ಕೊನೆಯವನು ಹೊರಗೆ ಬಂದ ಮೇಲೆ ಗೇಟು ಹಾಕಿಸಿ, ಅದೇ ಆಟೋದಲ್ಲಿ ಹೋದರು.

ಮಹಡಿಯ ಕಿಟಕಿಯಿಂದ ಜನರಲ್ ಮ್ಯಾನೇಜರ್ ಎಲ್ಲವನ್ನೂ ನೋಡಿದ್ದರು. ವಿಜಯದಶಮಿಯ ಮರುದಿನ ಮಾತುಕತೆಗೆ ಕರೆದರು. ನಾಲ್ಕೈದು ಸುತ್ತು ಜಗಳವಾಯಿತು, ಮೇಜು ಗುದ್ದಿದ್ದೂ ಆಯಿತು, ಆದರೆ ನಾನು ಆಡಿದ ಮಾತಿಗೆ ಎರಡೂ ಕಡೆ ಈಗ ತೂಕವಿತ್ತು. ಮೆಷಿನ್ ಶಾಪು ಉಳಿಯಿತು. ಯಾರೂ ಊರು ಬಿಡಬೇಕಾಗಲಿಲ್ಲ. ನಾಗೇಶ ಮುಂದೆ ನನ್ನ ನಂತರ ಸಂಘದ ಕಾರ್ಯದರ್ಶಿಯಾದ.

ಕ್ಯಾಂಪಿನಲ್ಲಿ ಆದದ್ದನ್ನು ಶಫಿ ಹೇಳಿದ. ಸುದ್ದಿ ಬಂದ ಮೇಲೆ ಸಾಹೇಬರು ಕಮಾಂಡಿಂಗ್ ಆಫೀಸರ ಡೇರೆಗೆ ಹೋಗಿ ಅನುಮತಿ ಕೇಳಿದರಂತೆ. ಬ್ರಿಗೇಡಿಯರಿಗೆ ಏನು ಹೇಳಲಿ ಎಂದು ಅವರು ಕೇಳಿದ್ದಕ್ಕೆ, "ಇದ್ದದ್ದನ್ನೇ ಹೇಳಿ ಸರ್" ಎಂದರಂತೆ. ಬ್ರಿಗೇಡಿಯರ್ ಬಂದರು, ಪರೇಡು ನೋಡಿದರು, ಮೆಚ್ಚಿದರು. ಇದನ್ನು ನಡೆಸಿದವರೆಲ್ಲಿ ಎಂದು ಕೇಳಿದರು. ಇದ್ದದ್ದನ್ನು ಹೇಳಿದ್ದಾಯಿತು.

"ಏನಂದ್ರು?" ಎಂದೆ.

ಶಫಿ ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದ. "ಜಾನೇ ದೋ ಭಾಯ್" ಎಂದ. ಆಮೇಲೆ ಹೇಳಿದ. "'ಕೊನೆಗೂ ತನ್ನ ಕಂಪನಿಗೇ ಓಡಿದ' ಅಂತ ನಕ್ಕಿದ್ರು."

ಕಮಾಂಡ್ ಹೊರಗಿನಿಂದ ಬಂದ ಒಬ್ಬರಿಗೆ ಹೋಯಿತು. ಸೇವೆಯ ಲೆಕ್ಕದಲ್ಲಿ ಪಾಲಾಕ್ಷಯ್ಯನವರು ಆಮೇಲೆ ಲೆಫ್ಟಿನೆಂಟ್ ಕರ್ನಲ್ ಆದರು, ಶಫಿ ಬಿಟ್ಟಿದ್ದ ಭುಜದ ಜಾಗ ತುಂಬಿತು. ಬೆಟಾಲಿಯನ್ ಮಾತ್ರ ಅವರ ಕೈಗೆ ಬರಲಿಲ್ಲ. ಹೊಸಬರ ಕೈಕೆಳಗೆ, ತಮಗಿಂತ ಚಿಕ್ಕವರ ಕೈಕೆಳಗೆ, ಅದೇ ಎರಡನೆಯ ಕುರ್ಚಿಯಲ್ಲಿ ನಿವೃತ್ತಿಯವರೆಗೂ ಭಾನುವಾರ ಭಾನುವಾರ ಬಂದರು. ಬೂಟು ಎಂದಿನಂತೆ ಹೊಳೆಯುತ್ತಿತ್ತು. ಎಷ್ಟೋ ಸಲ ನಾನು ಬಾಯಿ ತೆರೆದೆ. ಮೈದಾನದಲ್ಲಿ ಅದು ಕಾರ್ಖಾನೆಯ ಮಾತು, ಕಾರ್ಖಾನೆಯಲ್ಲಿ ಅದು ಮೈದಾನದ ಮಾತು. ಎಲ್ಲಿ ಕೇಳುವುದು?

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಭಾನುವಾರ ಅವರ ಕೊನೆಯ ಪರೇಡು. ನಾನು ಅಷ್ಟರಲ್ಲಿ ಸುಬೇದಾರನಾಗಿದ್ದೆ. ಹಾರ, ಚಹಾ, ಫೋಟೊ ಎಲ್ಲ ಮುಗಿಯಿತು. ನಾನು ಬಟ್ಟೆ ಬದಲಿಸದೆ ಮುಂಚೆಯೇ ಹೋಗಿ ಗೇಟಿನ ಹೊರಗೆ ರಸ್ತೆಯಲ್ಲಿ ನಿಂತೆ. ಅವರು ಶೆಡ್ಡಿನಲ್ಲಿ ಯೂನಿಫಾರ್ಮು ಕಳಚಿ, ಬಿಳಿ ಅಂಗಿ ಹಾಕಿಕೊಂಡು, ಸ್ಕೂಟರ್ ತಳ್ಳಿಕೊಂಡು ಬಂದರು.

"ಸಾಬ್, ಈಗ ಗೇಟಿನ ಹೊರಗಿದೀವಿ. ಕಾರ್ಖಾನೆನೂ ಇಲ್ಲಿಲ್ಲ. ಒಂದು ಮಾತು ಕೇಳ್ಲಾ?"

"ರಸ್ತೇಲಿ ನಿಂತು ಕೇಳೋ ಮಾತೇನ್ರೀ?"

"ಬೇರೆಲ್ಲೂ ಕೇಳೋಕೆ ನೀವು ಬಿಟ್ಟಿಲ್ಲ."

ನಕ್ಕರು. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದರು.

"ಆಯುಧ ಪೂಜೆ ದಿನ ಯಾಕೆ ಬಂದ್ರಿ? ನಾನು ಕರೆದಿರಲಿಲ್ಲ. ಬರದೇ ಇದ್ದಿದ್ರೆ ಬೆಟಾಲಿಯನ್ ನಿಮ್ದಾಗ್ತಿತ್ತು."

ಅವರು ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ಟಿನ ಧೂಳನ್ನು ಕೈಯಿಂದ ಒರೆಸತೊಡಗಿದರು.

"ಜಾನಕಮ್ಮ ಕಳಿಸಿದ ಸುದ್ದಿ ಬಹಳ ಚಿಕ್ಕದಿತ್ತು. ರುದ್ರಪ್ಪ ಮಾತು ಕೊಟ್ಟಿದಾರೆ, ಯಾರೂ ನಂಬ್ತಿಲ್ಲ ಅಂತ." ಹೆಲ್ಮೆಟ್ ಒರೆಸುವುದು ನಿಲ್ಲಿಸಿದರು. "ನಾನು ತಯಾರು ಮಾಡಿದ ಹವಾಲ್ದಾರನ ಮಾತನ್ನ ಯಾರೂ ನಂಬಲ್ಲ ಅಂದ್ರೆ, ಬೆಟಾಲಿಯನ್ ತಗೊಂಡು ನಾನೇನ್ ಮಾಡ್ಲಿ ರುದ್ರಪ್ಪ?"

ನನ್ನ ಹೆಸರನ್ನು ಅವರ ಬಾಯಲ್ಲಿ ಹಾಗೆ ಬರಿದಾಗಿ ನಾನು ಕೇಳಿದ್ದು ಅದೇ ಮೊದಲು. ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದೆ. ಈ ಸಲ ನನ್ನ ತಲೆಯ ಮೇಲೆ ಟೋಪಿ ಇತ್ತು.

ಅವರ ತಲೆಯ ಮೇಲೆ ಇರಲಿಲ್ಲ. ಕೈ ಜೋಡಿಸುತ್ತಾರೆ ಎಂದುಕೊಂಡೆ. ಅವರು ಆ ಕಡೆ ಈ ಕಡೆ ರಸ್ತೆ ನೋಡಿದರು. ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡರು, ಗಲ್ಲದ ಕೆಳಗಿನ ಪಟ್ಟಿಯನ್ನು ಸರಿಯಾಗಿ ಬಿಗಿದರು. ಆಮೇಲೆ ನೆಟ್ಟಗೆ ನಿಂತು, ನಡುರಸ್ತೆಯಲ್ಲಿ, ನನಗೆ ಸೆಲ್ಯೂಟ್ ಕೊಟ್ಟರು. ಹಿಂದೆ ಬಸ್ಸಿನವನು ಹಾರ್ನ್ ಹೊಡೆದ. ಅವರು ಕೈ ಇಳಿಸಿ, ಸ್ಕೂಟರ್ ಒದ್ದು, ಇಂದಿರಾನಗರದ ಕಡೆ ಹೋದರು. ತಿರುವಿನಲ್ಲಿ ಮರೆಯಾಗುವವರೆಗೆ ನಾನು ಕೈ ಇಳಿಸಲಿಲ್ಲ.